ಎತ್ತಿದ ಕೈ

ಶಿವಮೊಗ್ಗದ ಆ ಶ್ರವಣ ಪರೀಕ್ಷಾ ಕೇಂದ್ರವನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅದಕ್ಕೇ, ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಿದ್ದವರು. ನಿವೃತ್ತರಾದ ಮೇಲೆ, ಕರೆದರೆ ತಿರುಗುವುದು ಕಡಿಮೆಯಾಯಿತು. ಮಳೆ ಹಿಡಿಯುವ ಮುಂಚೆ ಪರೀಕ್ಷೆಗೆ ಕರೆದೊಯ್ದೆ. ಗಾಜಿನ ಕೋಣೆಯೊಳಗೆ ಅವರನ್ನು, ಗಾಜಿನಾಚೆ ಯಂತ್ರದ ಮುಂದಿದ್ದ ಪರೀಕ್ಷಕನ ಎದುರಿಗೇ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು. ಗುಂಡಿ ಒತ್ತಿ ಸದ್ದನ್ನು ಕುಗ್ಗಿಸುತ್ತಾ, ಹಿಗ್ಗಿಸುತ್ತಾ, ಎಷ್ಟು ಸಣ್ಣ ಸದ್ದಿನವರೆಗೆ ಕೇಳಿಸುತ್ತದೋ ಅಲ್ಲಿ ಗುರುತು ಹಾಕುತ್ತಾರೆ.

ಅಪ್ಪ ಪ್ರತಿ ಸಲವೂ ಕೈ ಎತ್ತಿದರು.

"ಕಿವಿ ಫಸ್ಟ್ ಕ್ಲಾಸ್ ಇದೆ ಮೇಡಂ. ಯಜಮಾನ್ರಿಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ," ಎಂದು ಪರೀಕ್ಷಕ ನಕ್ಕ.

ಆ ನಗು ಮನೆಯವರೆಗೂ ಬಂತು. "ಓಹೋ, ನಾನು ಕರೆದ್ರೆ ಮಾತ್ರ ಕಿವುಡೋ ಇವ್ರಿಗೆ! ಇರ್ಲಿ," ಎಂದ ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಮಳೆಗಾಲವಿಡೀ ಊಟದ ತಟ್ಟೆಯನ್ನು ಅವರ ಮುಂದೆ ಕುಕ್ಕಿ ಹೋಗುತ್ತಿದ್ದಳು. ಏನು ತಪ್ಪಾಯಿತೆಂದು ತಿಳಿಯದೆ ಅಪ್ಪ ಅವಳ ಬೆನ್ನನ್ನೇ ನೋಡುತ್ತಿದ್ದರು.

ದಸರೆಯ ಹೊತ್ತಿಗೆ ಭದ್ರಾವತಿಯ ಬಸ್ ನಿಲ್ದಾಣದಲ್ಲಿ ಅಪ್ಪನ ಹಳೆಯ ಜೊತೆಗಾರರೊಬ್ಬರು ದೂರದಿಂದ ಕೈ ಆಡಿಸಿದರು. ಅಪ್ಪ ತಟ್ಟನೆ ಕೈ ಎತ್ತಿದರು. ಗಾಜಿನ ಕೋಣೆಯಲ್ಲೂ ಹಾಗೇ ಎತ್ತಿದ್ದರು. ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲಕ್ಕೆ ಕೂಗು ಕೇಳಿಸದು. ಕೆಳಗಿನವರು ಕೈ ಆಡಿಸಿದರೆ ಮೇಲೆ ಕ್ರೇನಿನಲ್ಲಿ ಕೂತವರು ಕೈ ಎತ್ತಬೇಕು, ಆಮೇಲೆಯೇ ಕೆಲಸ. ಪರೀಕ್ಷಕನ ಕೈ ಗುಂಡಿಯ ಕಡೆ ಹೋದಾಗಲೆಲ್ಲ ಅಪ್ಪ ಅದಕ್ಕೆ ಉತ್ತರ ಕೊಟ್ಟಿದ್ದರು.

ಮರುದಿನವೇ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೋದೆ.

"ಬೆನ್ನು ತಿರುಗಿಸಿ ಕೂರ್ಸಿ. ಮಧ್ಯೆ ಮಧ್ಯೆ ಸದ್ದೇ ಬಿಡದೆ ಸುಮ್ನಿದ್ದು ನೋಡಿ," ಎಂದೆ.

"ಮಷಿನ್ ಸುಳ್ಳು ಹೇಳಲ್ಲ ಮೇಡಂ."

"ಮಷಿನ್ ಸದ್ದು ಬಿಡುತ್ತೆ ಅಷ್ಟೆ. ಕೇಳಿಸ್ತೋ ಇಲ್ವೋ ಅಂತ ನೋಡ್ಬೇಕಾದೋರು ನೀವು."

ಗೊಣಗುತ್ತಾ ಕೂರಿಸಿದ. ಗುಂಡಿ ಒತ್ತಿದ. ಸದ್ದು ಏರಿಸಿದ, ಇನ್ನೂ ಏರಿಸಿದ. ಅಪ್ಪನ ಕೈಗಳು ತೊಡೆಯ ಮೇಲೇ ಇದ್ದವು. ಹೆಡ್‌ಫೋನ್ ತೆಗೆದ ಮೇಲೆ ಅಮ್ಮ ಅವರ ಬೆನ್ನ ಹಿಂದೆ, ಕೋಣೆಯ ಬಾಗಿಲಲ್ಲಿ ನಿಂತು "ರೀ" ಎಂದಳು. ಆಮೇಲೆ ಗಟ್ಟಿಯಾಗಿ, "ರೀ!" ಅಪ್ಪ ಗೋಡೆ ನೋಡುತ್ತಾ ಕೂತಿದ್ದರು.

ಪರೀಕ್ಷಕ ಹಳೆಯ ವರದಿಯ ಮೇಲೆ ಅಡ್ಡಗೆರೆ ಎಳೆದ. "ಇದೊಂದು ಸಣ್ಣ ಮಿಸ್ಟೇಕು. ಸರಿ ಮಾಡಿದ್ನಲ್ಲ ಮೇಡಂ."

"ಸಣ್ಣದೇನಪ್ಪಾ?" ಅಮ್ಮನ ದನಿ ಒಡೆಯಿತು. "ಮಳೆಗಾಲ ಪೂರ್ತಿ ಇವ್ರನ್ನ ಮಾತಾಡಿಸ್ಲಿಲ್ಲ ನಾನು. ಅದರ ಮೇಲೂ ಎಳಿ ನೋಡೋಣ ಒಂದು ಗೆರೆ!"

ಅವನು ಪೆನ್ನಿನ ಮುಚ್ಚಳ ಹಾಕಿದ.

ಆಗ ಅಪ್ಪ ತಾವಾಗಿಯೇ ಇತ್ತ ತಿರುಗಿದರು. ಅಮ್ಮನ ಕೈ ಗಾಳಿಯಲ್ಲಿ ಆಡುತ್ತಿರುವುದನ್ನು ಕಂಡು, ಕೈ ಎತ್ತಿದರು. ಅಮ್ಮ ಒಳಗೆ ಹೋಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.