ಮಗಳನ್ನು ಎತ್ತಿಕೊಂಡ ಮಧ್ಯಾಹ್ನ

"ಆಪರೇಷನ್ ಬೇಡ ತಾಯಿ, ನಾರ್ಮಲ್ಲೇ ನೋಡಣ. ನಿಮ್ ಯಜಮಾನ್ರೂ ಒಳಗೇ ಇರ್ಲಿ" ಎಂದು ಕುಣಿಗಲ್‌ನ ಡಾಕ್ಟರಮ್ಮ ಹೇಳಿದಾಗ ನಾನು ಅತ್ತುಬಿಟ್ಟೆ. ಎಂಟು ತಿಂಗಳ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರಿಂದ ತುಮಕೂರಿನ ಎರಡು ಆಸ್ಪತ್ರೆಗಳಲ್ಲಿ ಈಗಲೂ ಆಪರೇಷನ್ನೇ ಅಂದಿದ್ದರು; ಗಂಡನನ್ನು ಒಳಗೆ ಬಿಡುವುದಿಲ್ಲ, ಮಗುವನ್ನು ನೋಡುವುದೂ ಬೇಡ ಅಂದಿದ್ದರು. ನನಗೆ ಒಮ್ಮೆಯಾದರೂ ಎತ್ತಿಕೊಳ್ಳಬೇಕಿತ್ತು.

ನೋವು ಶುರುವಾದಾಗಿನಿಂದ ನನ್ನವರು ಬೆನ್ನು ನೀವುತ್ತಲೇ ಇದ್ದರು. ಮಧ್ಯಾಹ್ನ ಮಗಳು ಹುಟ್ಟಿದಳು. ಅಳು ಕೇಳಿಸಲಿಲ್ಲ. ಡಾಕ್ಟರಮ್ಮನೇ ಅವಳನ್ನು ಒರೆಸಿ, ಬಟ್ಟೆ ಸುತ್ತಿ ನನ್ನ ಕೈಗಿಟ್ಟು, "ಎಷ್ಟೊತ್ತು ಬೇಕಾದ್ರೂ ಇಟ್ಕೊಳ್ಳಿ, ಯಾರೂ ಕೇಳಲ್ಲ" ಅಂದರು.

ಅವಳದು ಥೇಟ್ ಅವರಪ್ಪನ ಮೂಗು. ಮಗಳ ಬಗ್ಗೆ ನನಗೆ ಗೊತ್ತಿರುವುದು ಅಷ್ಟೇ, ಅಷ್ಟಾದರೂ ಗೊತ್ತಿದೆ.