ಸುರಂಗದಾರಿಯಲ್ಲಿ ಬಿಚ್ಚದ ಗಂಟು

ಮೇ ತಿಂಗಳ ನಾಗಪುರದಲ್ಲಿ ಹೆಣ್ಣುಮಕ್ಕಳ ಮುಖ ಯಾರಿಗೂ ಕಾಣುವುದಿಲ್ಲ. ಬಿಸಿಲಿಗೆ ದುಪಟ್ಟಾ ಸುತ್ತಿ, ಕಣ್ಣಷ್ಟೇ ಬಿಟ್ಟು, ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತೇವೆ. ಹುಬ್ಬಳ್ಳಿಯಿಂದ ಆಗಷ್ಟೇ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದ ಹುಡುಗಿಗೆ ಅದು ಬರುತ್ತಿರಲಿಲ್ಲ. ಆ ಮಧ್ಯಾಹ್ನ ನಾನೇ ಕಟ್ಟಿದೆ, ಎರಡು ಗಂಟು ಬಿಗಿದು.

"ಅಕ್ಕಾ, ಉಸಿರು ಕಟ್ತೈತ್ರಿ. ದರೋಡಿಗೆ ಹೊಂಟೇವೇನು?"

"ಸುಮ್ನಿರು. ಬಿಸಿಗಾಳಿ ಬಡಿದ್ರೆ ಗೊತ್ತಾಗುತ್ತೆ."

ವಿಶ್ವವಿದ್ಯಾಲಯದ ಗೇಟಿನಿಂದ ಮೆಟ್ರೋ ನಿಲ್ದಾಣಕ್ಕೆ ರಸ್ತೆಯಡಿ ಒಂದು ಸುರಂಗದಾರಿ ಇದೆ. ಅರ್ಧ ದಾಟಿದ್ದೆವು. ಎದುರಿನ ಮೆಟ್ಟಿಲಿಳಿದು ಒಬ್ಬ ಬಂದ. ಕೈಯಲ್ಲಿ ಮಚ್ಚು.

"ಮುಂಹ್ ಖೋಲ್!" ಎಂದು ಅರಚಿದ. ಮುಖ ತೋರಿಸಬೇಕಂತೆ. ತನ್ನ ಫೋನು ಎತ್ತದ ಯಾವಳನ್ನೋ ಹುಡುಕುತ್ತಿದ್ದನೆಂದು ಆಮೇಲೆ ಪೊಲೀಸರು ಹೇಳಿದರು.

ನಾನು ಒಂದೇ ಎಳೆತಕ್ಕೆ ದುಪಟ್ಟಾ ಕಿತ್ತೆ. ನನ್ನ ಮುಖ ನೋಡಿ ಅವಳ ಕಡೆ ತಿರುಗಿದ. ನಾನು ಎರಡು ಹೆಜ್ಜೆ ಸರಿದು ಗೋಡೆಗೆ ಅಂಟಿದೆ. ಅವಳು ಎರಡೂ ಕೈ ತಲೆಯ ಹಿಂದೆ ಒಯ್ದು ಗಂಟಿನೊಡನೆ ಗುದ್ದಾಡುತ್ತಿದ್ದಳು.

"ಬಿಚ್ಚವಲ್ದು! ಅಕ್ಕಾ, ಬಿಚ್ಚ್ರಿ!"

"ನಾಟಕ ಕರ್ತೀ ಹೈ?" ಅಂದ.

ನೀನು ಹುಡುಕುವವಳು ಇವಳಲ್ಲ ಎಂದಷ್ಟೇ ನಾನು ಹೇಳಬೇಕಿತ್ತು. ತರಕಾರಿಯವರ ಜೊತೆ ಹಿಂದಿಯಲ್ಲಿ ದಿನಾ ಜಗಳ ಆಡುವವಳು ನಾನು. ಈಗ ಬಚ್ಚಲಲ್ಲಿ ನಿಂತು ಅದನ್ನೇ ಜೋರಾಗಿ ಹೇಳಿಕೊಳ್ಳುತ್ತೇನೆ.

ಮೊದಲ ಏಟು ಅವಳು ಎತ್ತಿದ್ದ ಮೊಣಕೈಗೆ ಬಿತ್ತು. ಎರಡನೆಯದು ಹೆಗಲಿಗೆ. ಬಿಳಿ ಟೈಲ್ಸಿಗೆ ರಕ್ತ ಸಿಡಿಯಿತು, ನನ್ನ ಚಪ್ಪಲಿಗೂ. ಮೂರನೆಯದಕ್ಕೆ ಕೈ ಎತ್ತುವಾಗ ನಿಲ್ದಾಣದ ಸೆಕ್ಯುರಿಟಿಯವರಿಬ್ಬರು ಓಡಿಬಂದು ಅವನನ್ನು ಕೆಡವಿದರು. ಕುಸಿದವಳ ದುಪಟ್ಟಾ ಕುತ್ತಿಗೆಗೆ ಜಾರಿತ್ತು. ನೆಲಕ್ಕೆ ಒತ್ತಿ ಹಿಡಿದಿದ್ದವರ ಕೆಳಗಿಂದಲೇ ಅವನು ಅವಳ ಮುಖ ನೋಡಿದ.

"ಅರೇ, ಯೇ ಕೌನ್ ಹೈ?"

ಯಾರಿವಳು ಎಂದು ನಮ್ಮನ್ನು ಕೇಳುತ್ತಿದ್ದ.

ಅವಳು ಬದುಕಿದಳು. ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಆಸ್ಪತ್ರೆಯಲ್ಲಿ ಅವಳ ತಾಯಿ ನನ್ನ ಕೈ ಹಿಡಿದುಕೊಂಡು, "ನೀವು ಆಕಿ ಜೋಡಿ ಇದ್ರಿ, ಅದಕ್ಕ ಉಳದಾಳ್ರಿ" ಎಂದು ಅತ್ತರು. ಹಾಸಿಗೆಯಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಸರಿದದ್ದು ಅವಳಿಗೆ ಗೊತ್ತು.

"ಹೌದವ್ವಾ," ಅಂದಳು. "ಜೋಡೀನ ಇದ್ರು."

ಆಮೇಲೆ ಮುಖ ಗೋಡೆಯ ಕಡೆಗೆ ತಿರುಗಿಸಿದಳು.