ಅಕ್ಕನಿಗಾಗಿ ಎತ್ತರಿಸಿದ ಜೀಪು

ನಾನು ನಿಂತಿದ್ದದ್ದು ಹಳ್ಳದ ಈಚೆ ದಂಡೆಯಲ್ಲಿ. ಕಮಲಾಪುರದಿಂದ ತಾಂಡಾಕ್ಕೆ ಹೋಗುವ ಗಾಡಿದಾರಿ ನೀರಿಗೆ ಇಳಿಯುವಲ್ಲಿ ಎಡಗಡೆ ಒಂದು ಬೇವಿನ ಮರವಿತ್ತು, ಅದರ ಬುಡದಲ್ಲಿ. ತೊಂಬತ್ತರ ದಶಕದ ನಡುವಿನ ಒಂದು ಶ್ರಾವಣ ಮಾಸ. ಬೆಳಗಿನ ಹೊತ್ತು. ಎರಡು ದಿನ ಹೊಡೆದ ಮಳೆ ಆಗ ನಿಂತು, ಬಿಸಿಲು ಚೆನ್ನಾಗಿಯೇ ಬಿದ್ದಿತ್ತು. ನನ್ನ ಕಾಲ ಕೆಳಗಿದ್ದದ್ದು ಗಟ್ಟಿಯಾದ ಕೆಂಪು ನೆಲ, ಎದುರು ದಂಡೆಯದು ಎರೆ ಮಣ್ಣು. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನನಗೂ ಜೀಪಿಗೂ ನಡುವೆ ಹಳ್ಳದ ಅಗಲ ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲವೂ ನನಗೆ ಕಾಣುತ್ತಿತ್ತು.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆ ಕಡೆ ಈಗ ಹೇಳುವ ಕಥೆಯಲ್ಲಿ ನಮ್ಮ ಅಪ್ಪನ ಜೀಪು ಆನೆಯ ಹಾಗೆ ಹಳ್ಳ ದಾಟಿ ಒಂದೇ ಉಸಿರಿಗೆ ದಂಡೆ ಹತ್ತುತ್ತದೆ. ಹಾಗೆ ಹತ್ತಲಿಲ್ಲ.

ಅಕ್ಕ ಕಮಲಾಪುರದ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದಳು. ಚಿಕ್ಕಂದಿನಲ್ಲಿ ಬಂದ ಪೋಲಿಯೋದಿಂದ ಅವಳ ಎಡಗಾಲು ಸೊರಗಿತ್ತು. ಕಬ್ಬಿಣದ ಪಟ್ಟಿಯ ಬೂಟು, ಕೈಯಲ್ಲಿ ಒಂದು ಕೋಲು, ಇವೆರಡನ್ನು ನಂಬಿ ಅವಳು ಹಳ್ಳಿ ಹಳ್ಳಿ ತಿರುಗಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದಳು. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಮಳೆಗಾಲದಲ್ಲಿ ಮಾತ್ರ ಹಳ್ಳದಾಚೆಯ ತಾಂಡಾ ಅವಳ ಕೈಗೆ ಸಿಗುತ್ತಿರಲಿಲ್ಲ. ಹೊಳೆಯಂತಾದ ಹಳ್ಳವನ್ನು ಕೋಲೂರಿ ದಾಟುವುದು ಹೇಗೆ? ಆ ವರ್ಷ ಮೇಲಿನ ಸಾಹೇಬರು ಅವಳನ್ನು ಕರೆದು ಮೆತ್ತಗೇ ಹೇಳಿದ್ದರು: ಈ ಮಳೆಗಾಲವೂ ತಾಂಡಾದ ಕೆಲಸ ನಿಂತರೆ ಕಲಬುರಗಿಯ ಕಚೇರಿಗೆ ಬಂದು ಮೇಜಿನ ಕೆಲಸ ಮಾಡಿ, ನಿಮಗೂ ಒಳ್ಳೆಯದು.

ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರು. ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯಿಂದ ಆ ಕಚೇರಿಗೆ ರಿಕ್ಷಾದಲ್ಲಿ ಹೋಗಿ ಬರಬಹುದಿತ್ತು. ಅಕ್ಕ ಮಾತ್ರ ಊಟದ ಎಲೆಯ ಮುಂದೆ ಕೂತು ಅಪ್ಪನಿಗೆ ಹೇಳಿದಳು: “ಮೇಜಿನ ಮುಂದ ಕೂಡಿಸಿದ್ರ ನಾ ನೌಕರಿ ಬಿಡ್ತೀನಿ. ಕಾಲು ಹೋಗ್ಯಾದ ಅಂತ ಎಲ್ಲಾರೂ ಸಣ್ಣಾಕಿದ್ದಾಗಿಂದ ಕೂಡಿಸ್ಕೋತನ ಬಂದೀರಿ. ಸಾಕಾಗ್ಯಾದ ನನಗ.”

ಅಪ್ಪ ನಿವೃತ್ತ ಶಾಲಾಮಾಸ್ತರರು. ಕೈ ತೊಳೆದುಕೊಂಡು ಅಂಗಳಕ್ಕೆ ಹೋಗಿ ಜೀಪಿನ ಬಾನೆಟ್ ಎತ್ತಿದರು.

ಅದು ಉದ್ದ ಮೈಯ ಡೀಸೆಲ್ ಜೀಪು. ಎಂಬತ್ತರ ದಶಕದ ಮೊದಲಲ್ಲಿ ಅಪ್ಪ ಹರಾಜಿನಲ್ಲಿ ಹಿಡಿದದ್ದು. ಹಿಂದೆ ಎದುರುಬದುರು ಎರಡು ಬೆಂಚು ಹಾಕಿಸಿ, ಇಡೀ ಮನೆಯವರು ಅದರಲ್ಲೇ ಗಾಣಗಾಪುರಕ್ಕೆ, ಪಂಢರಪುರಕ್ಕೆ ಹೋಗಿ ಬರುತ್ತಿದ್ದೆವು. ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಕೊಡುವ ಸಣ್ಣ ಲಿವರ್ ಒಂದಿತ್ತು. ನಾನು ತಿಳಿದಂತೆ ಅದುವರೆಗೆ ಅಪ್ಪ ಅದನ್ನು ಮುಟ್ಟಿರಲಿಲ್ಲ.

ಹಳ್ಳ ದಾಟುವಂತೆ ಮಾಡಿಸಲು ಜೀಪನ್ನು ರೋಜಾ ದರ್ಗಾದ ಹಿಂದಿನ ಗಲ್ಲಿಯಲ್ಲಿದ್ದ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆವು. ಮಿಸ್ತ್ರಿ ಅಪ್ಪನ ಹಳೆಯ ವಿದ್ಯಾರ್ಥಿ, ನನಗಿಂತ ಕೊಂಚ ದೊಡ್ಡವನು. ಸೇಡಂ ರಸ್ತೆಯ ನನ್ನ ಔಷಧದ ಅಂಗಡಿ ಮುಚ್ಚಿದ ಮೇಲೆ ದಿನವೂ ಸಂಜೆ ನಾನು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ನಡುವೆ ಉರುಸು ಬಂದು ಗಲ್ಲಿಯ ತುಂಬ ಜನ. ಜೀಪನ್ನು ಹೊರಗೆ ತೆಗೆಯಲು ದಾರಿಯೇ ಇಲ್ಲದೆ, ಇದ್ದಲ್ಲೇ ಇಟ್ಟಿಗೆಯ ಮೇಲೆ ನಿಲ್ಲಿಸಿ ಕೆಲಸ ನಡೆಸಿದರು. ಪ್ರತಿ ಗಾಲಿಯ ಮೇಲೂ ಸ್ಪ್ರಿಂಗಿಗೆ ಹೊಸ ಪಟ್ಟಿ ಕೂಡಿಸಿ ಮೈಯನ್ನು ಎತ್ತರಿಸಿದರು. ಎಂಜಿನ್ ಗಾಳಿ ಎಳೆಯುವ ಬಾಯಿಗೆ ನಳದ ಪೈಪು ಜೋಡಿಸಿ, ಮುಂದಿನ ಗಾಜಿನ ಪಕ್ಕದಲ್ಲಿ ಜೀಪಿನ ಮೇಲಿನ ಟಪ್ಪಿನ ತನಕ ಏರಿಸಿದರು. ಮಳೆ ಬೀಳದಿರಲೆಂದು ಪೈಪಿನ ತುದಿಗೆ ನಮ್ಮ ಮನೆಯದೇ ಒಂದು ತಂಬಿಗೆಯನ್ನು ಬೋರಲು ಹಾಕಿದರು. ಹೊಗೆಯ ಕೊಳವೆಯೂ ಹಿಂದಿನಿಂದ ಮೇಲಕ್ಕೆ ಹೋಯಿತು. ಕೊನೆಗೆ ಮಿಸ್ತ್ರಿ ಹೈದರಾಬಾದಿನಿಂದ ನಾಲ್ಕು ಅಗಲವಾದ ಟಯರು ತರಿಸಿದ. ಅಷ್ಟು ಅಗಲದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಅವನ್ನು ಬೆನ್ನು ತಟ್ಟಿದಂತೆ ತಟ್ಟಿ ನೋಡಿದರು.

“ಫಿಕರ್ ನಕ್ಕೋ ಮಾಸ್ತರ್ ಸಾಬ್,” ಎಂದ ಮಿಸ್ತ್ರಿ. “ಗಾಡಿ ಹಾಥಿ ಆಗ್ಯಾದ, ಹಾಥಿ.”

ಮುಂಗಾರು ಹಿಡಿಯುವ ಮೊದಲು ಅಕ್ಕನನ್ನು ಕರೆಸಿದೆವು. ಗ್ಯಾರೇಜಿನ ಮುಂದೆ ಜೀಪನ್ನು ತೊಳೆದು ನಿಲ್ಲಿಸಿದ್ದೆವು. ಅಕ್ಕ ಒಂದು ಸುತ್ತು ಬಂದಳು. ಬಾಗಿಲು ತೆಗೆದಳು. ಬಾಗಿಲ ಹೊಸ್ತಿಲು ಅವಳ ಸೊಂಟಕ್ಕೆ ಬರುತ್ತಿತ್ತು. ಬಲಗಾಲಿನ ಮೇಲೆ ನಿಂತು ಎಡಗಾಲನ್ನು ಎತ್ತಲು ಸಾಧ್ಯವಿರಲಿಲ್ಲ. ಎಡಗಾಲಿನ ಮೇಲೆ ನಿಂತು ಬಲಗಾಲನ್ನು ಎತ್ತುವುದಂತೂ ಆಗದ ಮಾತು. ಒಮ್ಮೆ ಪ್ರಯತ್ನಿಸಿ, ಹಿಂದೆ ಸರಿದು, ಕೋಲಿನ ಮೇಲೆ ಭಾರ ಬಿಟ್ಟು ನಿಂತಳು.

ನಾವು ಮೂವರು ಗಂಡಸರು ಎಷ್ಟೋ ವಾರ ಆ ಜೀಪಿನ ಸುತ್ತ ನಿಂತಿದ್ದೆವು. ಯಾರಿಗಾಗಿ ಇದೆಲ್ಲವೋ ಅವಳು ಹತ್ತುವುದು ಹೇಗೆಂದು ಒಬ್ಬರೂ ಕೇಳಿಕೊಂಡಿರಲಿಲ್ಲ.

“ಹಾಥಿ ಮಾಡೀರಿ, ಛಲೋ ಆತು,” ಎಂದಳು ಅಕ್ಕ. “ಅಂಬಾರಿ ಏರ್ಲಿಕ್ಕೆ ಏಣಿ ಎಲ್ಲದರಿ?”

ಅಪ್ಪ, “ನಾವು ಎತ್ತಿ ಕೂಡಿಸ್ತೀವಲ್ಲಾ,” ಎಂದರು.

“ಮತ್ತ ಕೂಡಿಸೋದಾ?” ಎಂದಳು ಅಕ್ಕ.

ದಾರಿ ಹುಡುಕಿದವಳೂ ಅವಳೇ. ನಮ್ಮ ಮನೆಯಲ್ಲಿ ಹಿರಿಯರಿಗೆಲ್ಲ ಊಟಕ್ಕೆ ಅವರವರದೇ ಮಣೆ. ಅಜ್ಜ ಹೋದ ಮೇಲೆ ಅವರ ಮಣೆಯ ಮೇಲೆ ಯಾರೂ ಕೂತಿರಲಿಲ್ಲ. ಅದು ದೇವರ ಕೋಣೆಯ ಗೋಡೆಗೆ ಒರಗಿಕೊಂಡೇ ಇತ್ತು. ಜಾಲಿ ಕಟ್ಟಿಗೆಯದು, ಎರಡು ಬೆರಳು ದಪ್ಪ. ಅಕ್ಕ ಅದನ್ನೇ ತಂದು ಅಂಗಳದಲ್ಲಿಟ್ಟು, ಬೂಟುಗಾಲಿನಿಂದಲೇ ಹತ್ತಿ ನಿಂತು ನೋಡಿದಳು. ಅಪ್ಪನ ಮುಖ ಕಪ್ಪಿಟ್ಟಿತು.

“ಅದರ ಮ್ಯಾಲ ಬೂಟು ಇಡ್ತೀಯೇನ?”

“ಅಜ್ಜಾ ಇದ್ದಿದ್ರ ತಾನ ತಂದು ಇಡ್ತಿದ್ದ. ನೀವು ಇಡಾಂಗಿಲ್ಲ, ಅದಕ್ಕ ನಾ ಇಟ್ಟೀನಿ.”

ಅಪ್ಪ ಮಣೆಯನ್ನು ತಾವೇ ಕೈಯಲ್ಲಿ ಹಿಡಿದು ರೋಜಾಕ್ಕೆ ಒಯ್ದರು. ತೂತು ಕೊರೆಯುವ ಮೊದಲು ಮಿಸ್ತ್ರಿ, “ಇದು ಪೂಜಾದ್ದೇನ್ರಿ?” ಎಂದು ಕೇಳಿದ. “ಊಟದ್ದು,” ಎಂದರು ಅಪ್ಪ. ಅವನು ಚಪ್ಪಲಿ ಬಿಟ್ಟು ಕೂತು ಕೊರೆದ. ಮಣೆಗೆ ನಾಲ್ಕು ಕಬ್ಬಿಣದ ಕಾಲು ಬಂದವು, ಜೀಪಿನೊಳಗೆ ಎಳೆದುಕೊಳ್ಳಲು ಒಂದು ಸರಪಳಿ ಬಂತು, ಬಾಗಿಲ ಪಕ್ಕ ಹಿಡಿಯಲು ಒಂದು ಸಲಾಕೆಯೂ ಬಂತು. ಅಕ್ಕ ಹತ್ತಿ ಇಳಿದು, ಹತ್ತಿ ಇಳಿದು, ಯಾರ ಕೈಯೂ ಬೇಡವೆಂದು ಖಾತ್ರಿ ಮಾಡಿಕೊಂಡಳು.

ಈಗ ಆ ಬೆಳಿಗ್ಗೆಗೆ ಬರುತ್ತೇನೆ.

ಜೀಪಿನಲ್ಲಿದ್ದವರು ಇಬ್ಬರೇ. ಬಲಗಡೆ ಸ್ಟೀರಿಂಗ್ ಹಿಡಿದ ಅಪ್ಪ, ಎಡಗಡೆ ತೊಡೆಯ ಮೇಲೆ ಲಸಿಕೆಯ ಡಬ್ಬಿ ಇಟ್ಟುಕೊಂಡ ಅಕ್ಕ. ನೀರಿಗಿಳಿಯುವ ಮುಂಚೆ ಮಿಸ್ತ್ರಿ ಫ್ಯಾನಿನ ಬೆಲ್ಟ್ ಬಿಚ್ಚಿದ, ಫ್ಯಾನು ತಿರುಗಿ ಎಂಜಿನ್ ಮೇಲೆ ನೀರು ಎರಚಬಾರದೆಂದು. ಜೀಪಿನ ಹಿಂದಿನ ಕೊಂಡಿಗೆ ಕಟ್ಟಿದ ಹಗ್ಗವನ್ನು ಬೇವಿನ ಮರಕ್ಕೆ ಒಂದು ಸುತ್ತು ಹಾಕಿ ನಾನೂ ಅವನೂ ಹಿಡಿದುಕೊಂಡೆವು. ನಡುನೀರಿನಲ್ಲಿ ಎಂಜಿನ್ ನಿಂತರೆ ಜೀಪು ಕೊಚ್ಚಿಹೋಗದಂತೆ ಹಿಡಿಯುವುದು ನಮ್ಮ ಕೆಲಸ.

ಎಂಜಿನ್ ನಿಲ್ಲಲಿಲ್ಲ. ನೀರು ಬಾಗಿಲ ಅರ್ಧಕ್ಕೆ ಬಂತು. ತಂಬಿಗೆ ಕಟ್ಟಿದ ಪೈಪು ಉಸಿರೆಳೆಯುವ ಸದ್ದು ನನಗೆ ಈ ದಂಡೆಗೆ ಕೇಳುತ್ತಿತ್ತು. ಮುಂದಿನ ಗಾಲಿ ಆಚೆ ದಂಡೆ ಹತ್ತಿತು, ಆಮೇಲೆ ಹಿಂದಿನದೂ ಹತ್ತಿತು. ಮಿಸ್ತ್ರಿ, “ಹೋತು, ಹೋತು!” ಎಂದು ಕೂಗಿದ.

ಆಗಲೇ ನಿಂತಿತು. ಎರೆ ಮಣ್ಣು ಅಗಲ ಟಯರಿಗೆ ಕಣಕದಂತೆ ಮೆತ್ತಿ, ಗಾಲಿಗೂ ಮೇಲಿನ ತಗಡಿಗೂ ನಡುವೆ ತುಂಬಿ ಬಿಗಿಯಿತು. ಗಾಲಿಗಳು ತಿರುಗಲಿಲ್ಲ. ಹಾಗೆ ತಿರುಗದೆಯೇ ಜೀಪು ಹಿಂದಕ್ಕೆ ಜಾರತೊಡಗಿತು. ನೇರವಾಗಿಯೂ ಅಲ್ಲ, ಹಿಂಭಾಗ ಎಡಕ್ಕೆ ವಾಲುತ್ತ, ಹಳ್ಳ ತಿರುಗುವಲ್ಲಿದ್ದ ಮಡುವಿನ ಕಡೆಗೆ. ಹಗ್ಗ ನಮ್ಮ ಕೈಯಲ್ಲಿ ಸಡಿಲವಾಯಿತು. ಹಿಂದಕ್ಕೆ ಜಾರುವುದನ್ನು ಹಿಂದಿನ ಹಗ್ಗ ತಡೆಯುವುದಿಲ್ಲ. ಅದನ್ನು ಹಿಡಿದುಕೊಂಡೇ ನಾನು ನಿಂತಿದ್ದೆ. ಈಜಿ ದಾಟುವಷ್ಟು ಹೊತ್ತೂ ಇರಲಿಲ್ಲ.

ಎಡಗಡೆಯ ಬಾಗಿಲು ತೆರೆಯಿತು. ಮಣೆ ಕೆಳಗೆ ಬಿತ್ತು. ಅಕ್ಕ ಸಲಾಕೆ ಹಿಡಿದು ಅದರ ಮೇಲೆ ಬಲಗಾಲು ಇಟ್ಟಳು, ಇಳಿದಳು. ಕೆಸರಿನಲ್ಲಿ ಕೂತುಬಿಟ್ಟಳು. ಬಿದ್ದಳೆಂದೇ ನಾನು ತಿಳಿದೆ. ಬಿದ್ದಿರಲಿಲ್ಲ. ಕೊಕ್ಕೆಯಿಂದ ಸರಪಳಿ ಕಳಚಿ, ಕೂತಲ್ಲೇ ಹಿಂದಕ್ಕೆ ತೆವಳಿ, ಜಾರಿಬರುತ್ತಿದ್ದ ಹಿಂಗಾಲಿಯ ಹಿಂದೆ ಮಣೆಯನ್ನು ಓರೆಯಾಗಿ ಒತ್ತಿದಳು. ಅದರ ಕಬ್ಬಿಣದ ಕಾಲುಗಳು ಗೂಟದಂತೆ ಮಣ್ಣಿಗಿಳಿದವು. ಗಾಲಿ ಮಣೆಗೆ ಬಂದು ತಾಗಿತು. ಮಣೆ ಸೀಳಿದ ಸದ್ದು ಕೇಳಿಸಿತು. ಆದರೆ ಜೀಪು ನಿಂತಿತು.

“ಏ, ದೂರ ಸರಿ! ಸರೀ!” ಅಪ್ಪ ಕೂಗಿದರು.

“ಅಪ್ಪಾ, ಬಾಯಿ ಬ್ಯಾಡ, ಬ್ರೇಕ್ ಒತ್ತರಿ!”

ಆಮೇಲೆ ಅವಳು ಕೋಲಿನ ತುದಿಯಿಂದ ಗಾಲಿಯ ಮೇಲಿನ ಮಣ್ಣನ್ನು ಕೆದಕಿ ತೆಗೆಯತೊಡಗಿದಳು. ಒಂದು ಗಾಲಿ ಮುಗಿಸಿ, ತೆವಳಿ, ಇನ್ನೊಂದು. ಅವಳ ತಲೆಯ ಪಕ್ಕದಲ್ಲೇ ಆ ಭಾರವೆಲ್ಲ ಒಂದು ಸೀಳಿದ ಮಣೆಯ ಮೇಲೆ ನಿಂತಿತ್ತು. ಮಿಸ್ತ್ರಿ ನನ್ನ ತೋಳನ್ನು ಹಿಡಿದಿದ್ದ; ಅವನ ಉಗುರಿನ ಗುರುತು ಎಷ್ಟೋ ದಿನ ಇತ್ತು. ತಾಂಡಾದ ಕಡೆಯಿಂದ ಒಬ್ಬಳು ಹೆಂಗಸು ಜೋಳದ ಒಣದಂಟಿನ ಕಣಿಕೆಯ ಹೊರೆ ಹೊತ್ತು ದಿನ್ನೆ ಇಳಿದು ಬಂದಳು. ನೋಡಿದವಳೇ ಹೊರೆಯನ್ನು ಗಾಲಿಗಳ ಮುಂದೆ ಬಿಚ್ಚಿ ಹಾಸಿದಳು. ಹಾಸುತ್ತಲೇ ಬೈದಳು: “ಎಂಥಾ ದಪ್ಪ ಗಾಲಿ ಹಾಕ್ಯಾರ ಯವ್ವಾ! ಮಣ್ಣು ತಿಂತಾವ ಇವು, ಮಣ್ಣು!”

ಅಕ್ಕ ಕೆಸರಿನಲ್ಲಿ ಕೂತೇ ನಕ್ಕಳು. ಆ ನಗು ನನಗೆ ಈಚೆ ದಂಡೆಗೆ ಕೇಳಿಸಿತು.

ಅಪ್ಪ ಸಣ್ಣ ಲಿವರನ್ನು ಮುಂದೆ ದೂಡಿ, ಕಣಿಕೆಯ ಮೇಲೆ ಜೀಪನ್ನು ಅಂಗುಲ ಅಂಗುಲವಾಗಿ ಹತ್ತಿಸಿದರು. ಮೇಲೆ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಇಳಿದು ಬಂದು, ಮಣೆಯನ್ನು ಮಣ್ಣಿನಿಂದ ಕಿತ್ತು ತಮ್ಮ ಧೋತರದಿಂದ ಒರೆಸಿದರು. ಒಯ್ದು ಅಕ್ಕನ ಬಾಗಿಲ ಮುಂದೆ ತಾವೇ ಇಟ್ಟರು. ಅವಳು ಕೆಸರಿನ ಬೂಟು ಅದರ ಮೇಲಿಟ್ಟು ಹತ್ತಿದಳು. ಲಸಿಕೆಯ ಡಬ್ಬಿಯ ಐಸು ಇನ್ನೂ ಕರಗಿರಲಿಲ್ಲ. ಅಂದು ತಾಂಡಾದ ಮಕ್ಕಳೆಲ್ಲ ಅತ್ತರು.

ಮರುವಾರ ಅಗಲ ಟಯರು ತೆಗೆಸಿ ಹಳೆಯ ಸಣ್ಣವನ್ನೇ ಹಾಕಿಸಿದೆವು. ಬಂಡಿಯ ಗಾಲಿಯಂತೆ ಅವು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಹಿಡಿಯುತ್ತಿದ್ದವು. ಮಣೆಯ ಸೀಳಿಗೆ ಮಿಸ್ತ್ರಿ ಕಬ್ಬಿಣದ ಪಟ್ಟಿ ಬಡಿದ, ಅಕ್ಕನ ಬೂಟಿಗಿದ್ದಂಥದ್ದೇ. ಆ ಮಳೆಗಾಲ ಅವಳು ತಾಂಡಾ ತಪ್ಪಿಸಲಿಲ್ಲ, ಮುಂದಿನ ಮಳೆಗಾಲಗಳಲ್ಲೂ ತಪ್ಪಿಸಲಿಲ್ಲ. ಮೇಜಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹಳ್ಳಕ್ಕೆ ಸೇತುವೆಯಾದದ್ದು ಬಹಳ ತಡವಾಗಿ. ಅಕ್ಕ ಅದೇ ಕೇಂದ್ರದಿಂದಲೇ ನಿವೃತ್ತಳಾದಳು.

ಅಪ್ಪ ಈಗಿಲ್ಲ. ನಾನು ಕಂಡದ್ದನ್ನು ಕಂಡವರು ಇನ್ನೂ ಇದ್ದಾರೆ. ಕಣಿಕೆ ಹಾಸಿದ ಹೆಂಗಸು ತಾಂಡಾದಲ್ಲೇ ಇದ್ದಾಳೆ. ಆ ದಿನ ಸೂಜಿಗೆ ಅತ್ತ ಅವಳ ಮೊಮ್ಮಗ ಕೆಂಪು ಬಾಳೆ ಬೆಳೆಯುತ್ತಾನೆ. ಮಿಸ್ತ್ರಿ ರೋಜಾದ ಅದೇ ಗಲ್ಲಿಯಲ್ಲಿದ್ದಾನೆ. ಕಣ್ಣು ಮಂಜಾಗಿದ್ದರೂ ಕೇಳಿದರೆ ಮಣೆ ಯಾವ ಗಾಲಿಯ ಹಿಂದೆ ಇತ್ತೆಂದು ತಪ್ಪಿಲ್ಲದೆ ಹೇಳುತ್ತಾನೆ. ಅಕ್ಕನೂ ಇದ್ದಾಳೆ. ಅವಳನ್ನು ಕೇಳಿದರೆ ಮಾತ್ರ, “ನಾ ಏನ್ ನೋಡೀನಪ್ಪಾ, ನನಗ ಕಂಡದ್ದು ಗಾಲಿ ಒಂದ,” ಎನ್ನುತ್ತಾಳೆ.